ಇದ್ದಲೋ, ಗ್ಯಾಸೋ

ಹುಡುಗಿ ಬಾರ್ಬೆಕ್ಯೂ ಗ್ರಿಲ್ಲಿನ ಹೊಟ್ಟೆಯೊಳಗೆ ತಲೆ ಹಾಕಿ ಏನನ್ನೋ ನೋಡುತ್ತಿದ್ದಳು. ಹಿಂದೆ ನಿಂತವಳಿಗೆ ಕಾಣುತ್ತಿದ್ದುದು ಆ ಬೆನ್ನು ಮಾತ್ರ. ತೆಳುವಾದ ಅಂಗಿಯ ಕೆಳಗೆ ಬೆನ್ನೆಲುಬಿನ ಮಣಿಗಳು ಒಂದರ ಕೆಳಗೊಂದು ಎದ್ದಿದ್ದವು. ಕೈಗೆ ಅಂಟಿದ ಕಸುಬು ಕಣ್ಣಿಗೂ ಅಂಟಿಬಿಡುತ್ತದೆ. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಜನರ ಎದೆಯನ್ನು, ಮಂಡಿಯನ್ನು, ಮಣಿಕಟ್ಟನ್ನು ತಣ್ಣನೆಯ ತಟ್ಟೆಗೆ ಒತ್ತಿ ನಿಲ್ಲಿಸಿದವಳಿಗೆ ಬಟ್ಟೆ, ಚರ್ಮ, ಮುಖ ಇವೆಲ್ಲ ಮೇಲುಹೊದಿಕೆಯಂತೆ ಕಂಡು, ದೃಷ್ಟಿ ತಾನಾಗಿ ಒಳಕ್ಕೆ ಇಳಿಯುತ್ತಿತ್ತು. ಮಣಿಗಳನ್ನು ಎಣಿಸುತ್ತ ಆರಕ್ಕೆ ಬಂದಿದ್ದಳು. ಥಟ್ಟನೆ ನಾಚಿಕೆಯಾಗಿ ಅಂಗಡಿಯ ಗೋಡೆಯ ಕಡೆ ತಿರುಗಿದಳು. ಎಲುಬಿನವರೆಗೂ ಕಾಣುವ ಹುಡುಗಿಯ ಮನಸ್ಸಿನಲ್ಲಿ ಏನಿದೆಯೆಂಬುದು ಮಾತ್ರ ಒಂದೂವರೆ ವರ್ಷದಿಂದ ಒಂದೇ ಸೂರಿನ ಕೆಳಗಿದ್ದೂ ಗೊತ್ತಾಗಿರಲಿಲ್ಲ.

ಗ್ರಿಲ್ ಬೇಕೆಂದದ್ದು ಹುಡುಗಿಯೇ. ಮೊನ್ನೆ ಬೆಳಿಗ್ಗೆ ತಟ್ಟೆಯಿಂದ ತಲೆ ಎತ್ತದೆ, "ಹಿತ್ತಲಲ್ಲಿ ಒಂದು ಬಾರ್ಬೆಕ್ಯೂ ಇದ್ರೆ ಚೆನ್ನಾಗಿರುತ್ತೆ" ಅಂದಿದ್ದಳು. ಅಷ್ಟೇ. ಆದರೆ ಆ ಮನೆಯಲ್ಲಿ ಅದು ದೊಡ್ಡ ಸುದ್ದಿ. ಹದಿನೇಳು ವರ್ಷದ ಆ ಹುಡುಗಿ ಅಪ್ಪನ ಎರಡನೇ ಹೆಂಡತಿಯಾದ ಇವಳ ಎದುರಿಗೆ ಬೇಕು ಬೇಡ ಅಂದವಳಲ್ಲ. ಜಗಳವಾಡಿದ್ದರೆ ಸಮಾಧಾನವಾದರೂ ಆಗುತ್ತಿತ್ತೇನೋ. ಅವಳದು ಜಗಳವಲ್ಲ, ವ್ಯಾಕರಣ. 'ಚಿಕ್ಕಮ್ಮ ಅಂತ ಕರೀಬೇಕು' ಎಂದು ಸೋದರತ್ತೆ ಹೇಳಿಕೊಟ್ಟು ಹೋದಮೇಲೆ, ಯಾರನ್ನೂ ಏನೂ ಕರೆಯದೆ ಬದುಕುವ ಉಪಾಯವೊಂದನ್ನು ಅವಳು ಕಂಡುಕೊಂಡಿದ್ದಳು. ಊಟಕ್ಕೆ ಬರಬೇಕಂತೆ. ಫೋನು ಬಂದಿದೆಯಂತೆ. ಹಾಲು ಮುಗಿದಿದೆಯಂತೆ. ಯಾರೋ ಬಾಗಿಲಾಚೆ ನಿಂತು ಹೇಳಿದ್ದನ್ನು ತಾನು ತಲುಪಿಸುತ್ತಿರುವಂತೆ, ಕಣ್ಣಾರೆ ಕಂಡದ್ದನ್ನೂ ಅಂತೆಕಂತೆ ಮಾಡಿ ಬಾಗಿಲಲ್ಲಿಟ್ಟು ಹೋಗುತ್ತಿದ್ದಳು. ಹಾಗಿರುವಾಗ 'ಇದ್ರೆ ಚೆನ್ನಾಗಿರುತ್ತೆ' ಎಂಬುದು ಅವಳ ಸ್ವಂತ ಬಾಯಿಂದ ಬಂದದ್ದು. ಗಂಡನಿಗೂ ಅದು ಗೊತ್ತಾಗಿರಬೇಕು. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಅವನು ಸಮಯ ನೋಡಿ ಮಾತಾಡುವ ಮನುಷ್ಯ, "ಭಾನುವಾರ ನಂಗೆ ಮೂರು ಗಂಟೆವರೆಗೂ ಡ್ಯೂಟಿ. ನೀವಿಬ್ರೇ ಹೋಗಿ ತಂದುಬಿಡಿ" ಎಂದು, ಬೇರೆ ಯಾವ ದಾರಿಯೂ ಇಲ್ಲದಂತೆ ಚಹಾ ಲೋಟವನ್ನು ಮೇಜಿನ ಮೇಲಿಟ್ಟಿದ್ದ.

"ಗ್ಯಾಸಿಂದು ನೋಡಿ ಮೇಡಂ, ಇದು ಸರ್ಕಾರಿ ನೌಕರ ಇದ್ದ ಹಾಗೆ" ಎಂದು ಅಂಗಡಿಯವನು ಹೊಳೆಯುವ ಪೆಟ್ಟಿಗೆಯೊಂದರ ಗುಂಡಿ ತಿರುಗಿಸಿ ಟಕ್ಕೆನ್ನಿಸಿದ. "ಗುಂಡಿ ಒತ್ತಿದ್ರೆ ಬಂದ, ಗುಂಡಿ ತಿರುಗಿಸಿದ್ರೆ ಹೋದ. ಹೊಗೆ ಇಲ್ಲ, ಬೂದಿ ಇಲ್ಲ, ತಲೆನೋವಿಲ್ಲ. ಇದ್ದಲಿಂದು ಹಾಗಲ್ಲ, ಅದು ಅಳಿಯ. ಬಂದಮೇಲೆ ಪಕ್ಕದಲ್ಲೇ ಕೂತು ಉಪಚಾರ ಮಾಡ್ಬೇಕು. ಆದ್ರೆ ರುಚಿ ಅಂತ ಬಂದ್ರೆ ನಾನು ಸುಳ್ಳು ಹೇಳಲ್ಲ." ಅವನ ಬಲಹುಬ್ಬಿನ ಅರ್ಧ ಇರಲೇ ಇಲ್ಲ. ಕೇಳಬಾರದೆಂದುಕೊಂಡರೂ ಅವಳ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿದ್ದುದನ್ನು ಅವನೇ ಗಮನಿಸಿ, "ಹೋದ ವಾರ ಗಿರಾಕಿಗಳಿಗೆ ತೋರ್ಸೋಕೆ ಹೋಗಿ ಆಗಿದ್ದು. ಅದು ಗ್ಯಾಸಿಂದು" ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಂಡ. ಒಳಗಿನಿಂದ ಹುಡುಗಿಯ ನಗು ಕೇಳಿತು. ಕಬ್ಬಿಣದ ಗೋಲದೊಳಗೆ ತಿರುಗಿ ಬಂದ ಆ ನಗು ಬೇರೆ ಯಾರದೋ ಎನ್ನುವಷ್ಟು ದಪ್ಪಗಿತ್ತು.

ಹುಡುಗಿ ತಲೆ ಹಾಕಿದ್ದು ಕೊಡದ ಆಕಾರದ ಕಪ್ಪು ಗ್ರಿಲ್ಲಿಗೆ. ಮೂರು ಕಾಲು, ಎರಡು ಚಕ್ರ, ಗುಮ್ಮಟದಂಥ ಮುಚ್ಚಳ. ತಳದಲ್ಲೊಂದು ಗಾಳಿಕಿಂಡಿ, ಮುಚ್ಚಳದಲ್ಲೊಂದು. "ಕೆಳಗಿಂದ ಗಾಳಿ ಬರುತ್ತೆ, ಮೇಲಿಂದ ಹೋಗುತ್ತೆ. ಎರಡನ್ನೂ ಮುಚ್ಚಿದ್ರೆ ಕೆಂಡ ಸಾಯುತ್ತೆ" ಎಂದು ಅವನು ಕಿಂಡಿಯನ್ನು ತೆರೆದು ಮುಚ್ಚಿ ತೋರಿಸಿದ. ಹುಡುಗಿ ತಾನೂ ತೆರೆದಳು, ಮುಚ್ಚಿದಳು, ಬೆರಳು ತೂರಿಸಿದಳು. ಜಾಲರಿ ಎತ್ತಿ ತೂಕ ನೋಡಿದಳು. ಮುಚ್ಚಳವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟಳು, ಮಡಕೆ ಕೊಳ್ಳುವವರ ಹಾಗೆ. ಇಷ್ಟು ಕುತೂಹಲ ಇವಳೊಳಗೆ ಎಲ್ಲಿತ್ತು ಎಂದು ಅವಳು ನೋಡುತ್ತಲೇ ಇದ್ದಳು. ಮನೆಯಲ್ಲಿ ಬಾಗಿಲ ಸದ್ದೂ ಆಗದಂತೆ ಓಡಾಡುವ ಹುಡುಗಿ ಇಲ್ಲಿ ಮೊಣಕೈವರೆಗೂ ಮಸಿ ಮಾಡಿಕೊಂಡು ನಿಂತಿದ್ದಾಳೆ. ಅಂಗಡಿಯವನಿಗೂ ಖುಷಿಯಾಯಿತು. "ಮಗಳು ನಿಮ್ಮ ಹಾಗೇನೇ ಮೇಡಂ, ಎಲ್ಲಾನೂ ಒಳಗೇ ಹೊಕ್ಕು ನೋಡ್ಬೇಕು. ಮೂಗು ನೋಡಿ, ಥೇಟ್ ಅಚ್ಚು ಒತ್ತಿದ ಹಾಗಿದೆ."

ಆ ಮೂಗು ಎಲ್ಲಿಂದ ಬಂದದ್ದೆಂದು ಅವಳಿಗೆ ಗೊತ್ತು. ಹಜಾರದ ಗೋಡೆಯ ಮೇಲಿನ, ಹುಡುಗಿಯ ತೀರಿಕೊಂಡ ಅಮ್ಮನ ಪಟದಲ್ಲಿ ದಿನಾ ನೋಡುತ್ತಾಳೆ. ಈಗ ಹುಡುಗಿ ತಿದ್ದುತ್ತಾಳೆ ಎಂದು ಕಾದಳು. ಕಿವಿಯ ತುದಿ ಬೆಚ್ಚಗಾಯಿತು. ಹಿಂದೊಮ್ಮೆ ಶಾಲೆಯ ಗುಮಾಸ್ತೆ 'ತಾಯಿಯ ಸಹಿ' ಎಂದು ಕಾಗದ ಮುಂದೆ ತಳ್ಳಿದಾಗ ಹುಡುಗಿ ಪೆನ್ನು ಕಿತ್ತುಕೊಂಡು ಆ ಪದವನ್ನು ಹೊಡೆದು 'ಪೋಷಕರು' ಎಂದು ಬರೆದಿದ್ದಳು, ಸದ್ದಿಲ್ಲದೆ, ಅಚ್ಚುಕಟ್ಟಾಗಿ. ಗುಮಾಸ್ತೆ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ ನೋಟ ಎಷ್ಟೋ ದಿನ ಬೆನ್ನಿಗೆ ಅಂಟಿತ್ತು. ಇವತ್ತು ಹುಡುಗಿ ತಿದ್ದಲಿಲ್ಲ. ಮುಚ್ಚಳದ ಕಿಂಡಿಗೆ ಕಣ್ಣು ಹಚ್ಚಿ ಅಂಗಡಿಯ ದೀಪ ನೋಡುತ್ತಿದ್ದಳು. ಕೇಳಿಸಲಿಲ್ಲವೋ, ಕೇಳಿಸಿಯೂ ಬಿಟ್ಟಳೋ. ಬಿಟ್ಟಳು ಎಂದರೆ ಏನರ್ಥ?

"ಇದೇ ಇರ್ಲಿ" ಅಂದಳು ಹುಡುಗಿ.

"ಹೊಗೆ ಬೇಡ" ಎಂಬ ಮಾತು ಇವಳ ಬಾಯಿಂದ ಹೊರಬಿದ್ದುಬಿಟ್ಟಿತ್ತು. ಹೇಳಬೇಕೆಂದುಕೊಂಡಿರಲಿಲ್ಲ. ಹುಡುಗಿ ಮೊದಲ ಸಲ ಏನೋ ಕೇಳಿದ್ದಾಳೆ, ಅದನ್ನೇ ಬೇಡವೆಂದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು. ಆದರೆ ದಿನಕ್ಕೆ ನಲವತ್ತು ಎದೆ ನೋಡುವವಳು. ಹೊಗೆ ಎಂದಾಕ್ಷಣ ಕಣ್ಣೆದುರು ಬರುವುದು ಎಕ್ಸ್‌ರೇ ಫಿಲ್ಮುಗಳೇ. "ಗ್ಯಾಸಿಂದು ನೋಡೋಣ. ಹೊಗೆ ಎದೆಗೆ ಒಳ್ಳೇದಲ್ಲ. ನಾನು ದಿನಾ ನೋಡ್ತೀನಲ್ಲ."

ಹುಡುಗಿ ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟಳು. "ಅಮ್ಮಂಗೆ ಹೊಗೆಯಿಂದ ಆಗಿದ್ದಲ್ಲ" ಅಂದಳು. ಕೋಪವಿರಲಿಲ್ಲ. ಬಸ್ಸು ಈ ದಾರಿಯಲ್ಲಿ ಹೋಗುವುದಿಲ್ಲ ಎಂದು ಹೇಳುವಷ್ಟು ಸಹಜ ದನಿ. ಆಮೇಲೆ ಇವಳ ಮುಖವನ್ನು ನೇರವಾಗಿ ನೋಡಿ, "ನಿಮಗೂ ಗೊತ್ತಲ್ವಾ" ಎಂದು ಸೇರಿಸಿದಳು.

ಅಂಗಡಿಯವನು ಜಾಣ. ರಸೀದಿ ಪುಸ್ತಕ ತರುತ್ತೇನೆಂದು ಒಳಗೆ ಹೋದ.

ಕೊಡದಾಕಾರದ್ದನ್ನೇ ಕೊಂಡರು. ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಾಡಿಗೆ ಆಟೋದ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ತುರುಕಿದ್ದರಿಂದ ಇಬ್ಬರೂ ಅದರ ಎರಡು ಬದಿಗೆ ಒತ್ತಿಕೊಂಡು ಕೂರಬೇಕಾಯಿತು. ನಡುವೆ ಗೋಡೆಯಂತೆ ಪೆಟ್ಟಿಗೆ. ಆಚೆ ಬದಿಯ ಹುಡುಗಿಯ ಮಂಡಿ ಮಾತ್ರ ಕಾಣುತ್ತಿತ್ತು. 'ನಿಮಗೂ ಗೊತ್ತಲ್ವಾ' ಅಂದರೆ? ಎಕ್ಸ್‌ರೇ ಕೆಲಸದವರಿಗೆ ಇಂಥದ್ದು ಗೊತ್ತಿರುತ್ತದೆ ಎಂದೋ, ಇಲ್ಲ ನಿನಗೆ, ನಿನಗೇ ಗೊತ್ತಿತ್ತು ಎಂದೋ? ಏಳು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ, ರಾಸಾಯನಿಕದ ತೊಟ್ಟಿಯೊಳಗೆ ಅಲುಗಾಡಿಸಿದಂತೆಲ್ಲ ಫಿಲ್ಮಿನ ಮೇಲೆ ಒಂದೊಂದೇ ಪಕ್ಕೆಲುಬು ಎದ್ದು ಬರುತ್ತಿತ್ತು. ಅವುಗಳ ನಡುವೆ ಬರಬಾರದ್ದೂ ಬಂತು. ಅದನ್ನು ಕಂಡ ಮೊದಲ ವ್ಯಕ್ತಿ ತಾನು; ಆ ಎದೆಯ ಒಡತಿಗೇ ಇನ್ನೂ ಗೊತ್ತಿಲ್ಲ. ಹೊರಗೆ ಬಂದಾಗ ಬೆಂಚಿನ ಮೇಲೆ ಅಮ್ಮನ ಚೀಲ ತಬ್ಬಿಕೊಂಡು ಹತ್ತು ವರ್ಷದ ಮಗುವೊಂದು ಕೂತಿತ್ತು. ಅಮ್ಮ ಒಳಗೆ ಬಟ್ಟೆ ಸರಿಮಾಡಿಕೊಳ್ಳುತ್ತಿದ್ದರು. "ಫೋಟೋ ಆಂಟಿ, ಅಮ್ಮಂಗೆ ಏನಾಗಿದೆ?" ಎಂದು ಕೇಳಿತು. ಆಸ್ಪತ್ರೆಯ ನಿಯಮ ಗೋಡೆಯ ಮೇಲೆ ಬರೆದಷ್ಟು ಸ್ಪಷ್ಟ: ಫಲಿತಾಂಶ ಹೇಳಬೇಕಾದ್ದು ಡಾಕ್ಟರು, ತೆಗೆಯುವವರಲ್ಲ. 'ಡಾಕ್ಟರು ಹೇಳ್ತಾರೆ' ಅಂದಿದ್ದರೆ ಸಾಕಿತ್ತು. ದಿನಕ್ಕೆ ಹತ್ತು ಸಲ ಅನ್ನುವ ಮಾತು. ಆ ದಿನ ಮಾತ್ರ, ಆ ಕಣ್ಣು ನೋಡಿ, "ಏನಿಲ್ಲ ಪುಟ್ಟಿ" ಅಂದುಬಿಟ್ಟಳು.

ವರ್ಷಗಳಾದಮೇಲೆ ಮಣಿಕಟ್ಟು ಮುರಿದುಕೊಂಡ ಗಂಡಸೊಬ್ಬ ಅದೇ ಕೋಣೆಗೆ ಬಂದ, ನೋವಿನಲ್ಲೂ ತಮಾಷೆ ಮಾಡಿದ, ಪಟ್ಟಿ ಬಿಚ್ಚಿದಮೇಲೂ ಕಾರಣ ಹುಡುಕಿಕೊಂಡು ಬಂದ. ಅವನ ಮನೆಗೆ ಮೊದಲ ಸಲ ಹೋದ ದಿನ ಹಜಾರದ ಪಟ ಕಂಡು ಹೊಸ್ತಿಲಲ್ಲೇ ನಿಂತಳು. ಇವಳಿಗೆ ಮುಖಗಳು ನೆನಪಿರುವುದಿಲ್ಲ. ಆ ಮುಖ ಮಾತ್ರ ಮಗುವಿನ ಪ್ರಶ್ನೆಗೆ ಹೊಲಿದುಕೊಂಡು ಉಳಿದಿತ್ತು. ಅಂದೇ ಹೇಳಬೇಕಿತ್ತು. ಅಂದು ಹೇಳದ್ದನ್ನು ಮರುವಾರ ಹೇಳಲು 'ಯಾಕೆ ಅವತ್ತೇ ಹೇಳ್ಲಿಲ್ಲ' ಎಂಬುದಕ್ಕೂ ಉತ್ತರ ಬೇಕು. ತಿಂಗಳಾದರೆ ಇನ್ನೊಂದು ಉತ್ತರ ಬೇಕು. ಮುಚ್ಚಿಟ್ಟದ್ದು ಹಿಟ್ಟಿನ ಹಾಗೆ ಮುಚ್ಚಿಟ್ಟಲ್ಲೇ ಉಬ್ಬುತ್ತದೆ. ಮದುವೆಯೂ ಆಯಿತು. ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ಹುಡುಗಿಗೆ ಗೊತ್ತೋ ಇಲ್ಲವೋ ಎಂದು, ಅವಳು ಉಪ್ಪು ಕೇಳಿದಾಗಲೂ ಉಪ್ಪಿನ ಹಿಂದೆ ಏನಾದರೂ ಇದೆಯೇ ಎಂದು ಹುಡುಕುತ್ತ ಒಂದೂವರೆ ವರ್ಷ ಕಳೆದಿತ್ತು.

ಹಿತ್ತಲಲ್ಲಿ ಪೆಟ್ಟಿಗೆ ಬಿಚ್ಚಿದರು. ಕಾಲುಗಳು, ಬೋಲ್ಟುಗಳು, ಎಲ್ಲಿಗೆ ಸೇರಬೇಕೆಂದು ತಿಳಿಯದ ಒಂದು ವಾಷರು. ಜೊತೆಗಿದ್ದ ಹಾಳೆಯಲ್ಲಿ ಪದಗಳಿಲ್ಲ, ಬಾಣದ ಗುರುತುಗಳು ಮಾತ್ರ. ಹುಡುಗಿ ಸ್ಪ್ಯಾನರ್ ತಿರುಗಿಸಿದಳು, ಇವಳು ಗ್ರಿಲ್ಲಿನ ಕಾಲು ಹಿಡಿದುಕೊಂಡಳು. ಒಮ್ಮೆ ಮೂರೂ ಕಾಲು ತಲೆಕೆಳಗಾಗಿ ಸೇರಿ ಗ್ರಿಲ್ಲು ಸತ್ತ ಜೀರುಂಡೆಯಂತೆ ಆಕಾಶ ನೋಡಿತು. ಬಿಚ್ಚಿ ಮತ್ತೆ ಜೋಡಿಸಿದರು. ಎರಡು ಗಂಟೆಯ ಬಿಸಿಲು ಗೋಡೆ ದಾಟುತ್ತಿದ್ದಾಗ ಇದ್ದಲು ಸುರಿದು, ಕಾಗದ ತುರುಕಿ, ಕಡ್ಡಿ ಗೀರಿದರು. ಕಾಗದ ಉರಿಯಿತು, ಇದ್ದಲು ಉರಿಯಲಿಲ್ಲ. ಇನ್ನೊಂದು ಸಲ. ಹುಡುಗಿ ಮಂಡಿಯೂರಿ ತಳದ ಕಿಂಡಿಗೆ ಬಾಯಿಟ್ಟು ಊದಿದಳು. ಹೊಗೆ ಮುಖಕ್ಕೇ ಬಂದು ಕೆಮ್ಮಿದಳು. ಆ ಕೆಮ್ಮಿಗೆ ಇವಳ ಕೈ ತಾನಾಗಿ ಆ ಬೆನ್ನಿನ ಮೇಲೆ ಹೋಯಿತು, ಹೋದದ್ದು ಗೊತ್ತಾಗಿ ಅಲ್ಲೇ ನಿಂತಿತು. ಹುಡುಗಿ ಸರಿಯಲಿಲ್ಲ.

"ಅವತ್ತು ನಿಮಗೆ ಗೊತ್ತಿತ್ತಾ?" ಎಂದಳು, ಕಿಂಡಿಯ ಕಡೆ ಮುಖವಿಟ್ಟುಕೊಂಡೇ.

ಯಾವತ್ತು ಎಂದು ಕೇಳಬಹುದಿತ್ತು. ಅಷ್ಟು ಹೊತ್ತು ಸಿಗುತ್ತಿತ್ತು. "ಗೊತ್ತಿತ್ತು" ಅಂದಳು.

"ನಾನು ನಿಮ್ಮನ್ನ ಮೊದಲ ದಿನಾನೇ ಗುರುತು ಹಿಡಿದಿದ್ದೆ. ದನಿಯಿಂದ."

"ಹೇಳೋಕೆ ನಂಗೆ ಅಧಿಕಾರ ಇರ್ಲಿಲ್ಲ. ಡಾಕ್ಟರೇ ಹೇಳ್ಬೇಕು ಅಂತ ನಿಯಮ."

"ಅದು ಸರಿ." ಹುಡುಗಿ ಎದ್ದು ಕೂತು ಮೊಣಕೈಯಿಂದ ಕಣ್ಣೊರೆಸಿಕೊಂಡಳು, ಹೊಗೆಗೆ. "ಏನಿಲ್ಲ ಅನ್ನೋಕೂ ಅಧಿಕಾರ ಇರ್ಲಿಲ್ಲ ಅಲ್ವಾ."

ಇಷ್ಟು ದಿನ ತನ್ನನ್ನು ತಾನು ಎಷ್ಟೋ ರೀತಿ ಬೈದುಕೊಂಡಿದ್ದರೂ ಇಷ್ಟು ನೇರವಾಗಿ, ಇಷ್ಟು ಕಡಿಮೆ ಮಾತಿನಲ್ಲಿ ಅವಳಿಗೆ ಹೊಳೆದಿರಲಿಲ್ಲ. "ಇರ್ಲಿಲ್ಲ" ಎಂದು ಒಪ್ಪಿಕೊಂಡಳು. ಇನ್ನೇನು ಬಿರುಗಾಳಿ ಎಂದು ಕಾದಳು. ಹುಡುಗಿ ಒಂದು ಇದ್ದಲ ಚೂರನ್ನು ಕೈಯಲ್ಲಿ ಹೊರಳಿಸುತ್ತಿದ್ದಳು.

"ನಾನು ಅಮ್ಮಂಗೆ ಹೇಳ್ಬಿಟ್ಟೆ. ಫೋಟೋ ಆಂಟಿ ಹೇಳಿದ್ರು, ಏನಿಲ್ವಂತೆ ಅಂತ. ಅಮ್ಮ ನಂಬಿದ್ರು. ರಿಪೋರ್ಟ್ ತರೋಕೆ ಹೋಗ್ಲೇ ಇಲ್ಲ. ಹದಿನೆಂಟು ದಿನ. ಆಸ್ಪತ್ರೆಯೋರೇ ಕಾಗದ ಹಾಕಿ ಕರೆಸಿದ್ರು." ಇದ್ದಲನ್ನು ಮುಷ್ಟಿಯಲ್ಲಿ ಹಿಡಿದು, "ಅಪ್ಪಂಗೆ ಇದು ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಆ ಹದಿನೆಂಟು ದಿನ ಹಾಳಾಗ್ದೇ ಇದ್ದಿದ್ರೆ ಏನಾದ್ರೂ ಬೇರೆ ಆಗ್ತಿತ್ತಾ? ನಿಮ್ಮನ್ನ ಬಿಟ್ರೆ ಕೇಳೋಕೆ ಯಾರೂ ಇಲ್ಲ. ನೀವೇ ತಾನೇ ನೋಡಿದ್ದು."

ಹಾಗಾದರೆ ಇಷ್ಟು ದಿನ ಈ ಮಗು ತನ್ನನ್ನು ಗಮನಿಸುತ್ತಿದ್ದುದು ದ್ವೇಷದಿಂದಲ್ಲ. ಕೇಳಲಿಕ್ಕೆ ಧೈರ್ಯ ಸಾಲದೆ. ತಾನು ಪಕ್ಕದ ಕೋಣೆಯಲ್ಲಿ ಮಲಗಿ ತನ್ನ ತಪ್ಪನ್ನು ಹಿಂಡಿಕೊಳ್ಳುತ್ತಿದ್ದಾಗ ಗೋಡೆಯಾಚೆ ಇವಳು ಅದೇ ತಪ್ಪನ್ನು ತನ್ನದೆಂದು ಹೊತ್ತುಕೊಂಡು ಮಲಗಿದ್ದಳು. 'ಏನೂ ಬೇರೆ ಆಗ್ತಿರ್ಲಿಲ್ಲ, ಬಿಡು' ಎಂಬ ಮಾತು ನಾಲಿಗೆಯ ತುದಿಗೆ ಬಂತು. ನಿಜವೂ ಇರಬಹುದು. ಆದರೆ ಕಾರಿಡಾರಿನಲ್ಲಿ ಹೇಳಿದ ಮಾತಿನದೇ ಬಣ್ಣ ಅದಕ್ಕೂ ಇತ್ತು. ಹುಡುಗಿ ಅದನ್ನು ಎರಡನೇ ಸಲ ನಂಬಲಾರಳು. ಅವಳು ಗ್ರಿಲ್ಲು ಬಂದ ಪೆಟ್ಟಿಗೆಯ ಒಂದು ಬದಿಯನ್ನು ಹರಿದು ನೆಲದ ಮೇಲೆ ಹಾಸಿದಳು. ಹುಡುಗಿಯ ಕೈಯಿಂದ ಇದ್ದಲು ತೆಗೆದುಕೊಂಡಳು.

"ನಾನು ಡಾಕ್ಟರ್ ಅಲ್ಲ" ಅಂದಳು. "ಆದ್ರೆ ಏನು ನೋಡ್ದೆ ಅಂತ ತೋರಿಸ್ತೀನಿ. ಎಲ್ಲಾನೂ."

ಬರೆದಳು. ಮೊದಲು ಕೊರಳ ಬುಡದ ಎಲುಬುಗಳ ಎರಡು ಕಮಾನು, ಕೆಳಗೆ ಬುಟ್ಟಿ ಹೆಣೆದಂತೆ ಪಕ್ಕೆಲುಬು, ನಡುವೆ ಸ್ವಲ್ಪ ವಾಲಿದ ಹೃದಯ. ಎರಡು ಶ್ವಾಸಕೋಶಗಳನ್ನು ಇದ್ದಲಿನಿಂದ ತೀಡಿ ತೀಡಿ ಕಪ್ಪಗೆ ಮಾಡಿದಳು. "ಕಪ್ಪು ಅಂದ್ರೆ ಗಾಳಿ. ಕಪ್ಪಗಿದ್ರೆ ಒಳ್ಳೇದು."

"ಕಾಯಿಲೆ ಕಪ್ಪಗಿರುತ್ತೆ ಅಂದ್ಕೊಂಡಿದ್ದೆ."

"ಬಿಳಿ. ನಾವು ನೆರಳು ಅಂತೀವಿ, ಇರೋದು ಮಾತ್ರ ಬಿಳಿ." ತೀಡುವಾಗ ಮೇಲ್ಗಡೆ ಗೋಲಿಯಷ್ಟು ಜಾಗ ಬಿಟ್ಟಳು. ಅಲ್ಲಿ ರಟ್ಟಿನ ಬಣ್ಣ ಉಳಿಯಿತು. "ಇದು ಗೆಡ್ಡೆ, ಅಮ್ಮನ ಬಲಗಡೆ ಇತ್ತು. ನಮ್ಮೆದುರಿಗೆ ನಿಂತಿದ್ದಾರೆ ಅಂತ ನೋಡ್ಬೇಕು." ಇಲ್ಲಿಗೆ ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ. ಬೆರಳ ತುದಿಗೆ ಉಗುಳು ಹಚ್ಚಿ ಎಡಗಡೆಯ ಕಪ್ಪಿನಲ್ಲಿ ಒಂದು, ಎರಡು, ಐದು ಪುಟ್ಟ ಚುಕ್ಕೆ ಅಳಿಸಿದಳು. ತಳದಲ್ಲಿ ನೀರು ತುಂಬಿದ ಪಾತ್ರೆಯ ಅಂಚಿನಂತೆ ಓರೆಯಾಗಿ ಒಂದು ಪಟ್ಟಿಯನ್ನೂ ಅಳಿಸಿದಳು. "ಇವೂ ಇದ್ವು. ಇದು ನೀರು. ಇಷ್ಟೆಲ್ಲ ಆಗೋಕೆ ಹದಿನೆಂಟು ದಿನ ಸಾಲಲ್ಲ. ಎಷ್ಟೋ ತಿಂಗಳಿಂದ ಬೆಳೀತಿತ್ತು. ಹದಿನೆಂಟು ದಿನ ಮುಂಚೆ ಗೊತ್ತಾಗಿದ್ರೆ ಹದಿನೆಂಟು ದಿನ ಮುಂಚೆ ಅಳ್ತಿದ್ರಿ ಅಂತ ನಂಗನ್ಸುತ್ತೆ. ಖಂಡಿತ ಅಂತ ಹೇಳಲ್ಲ. ಅನ್ಸುತ್ತೆ."

ಹುಡುಗಿ ರಟ್ಟಿನ ಮೇಲೆ ಬಾಗಿದಳು. ಚುಕ್ಕೆಗಳನ್ನು ಮುಟ್ಟದೆ, ಮೇಲೆ ಮೇಲೆ ಬೆರಳಾಡಿಸಿ ಎಣಿಸಿದಳು. ಅಳುತ್ತಾಳೆಂದುಕೊಂಡರೆ ಅಳಲಿಲ್ಲ, ಅಂಗಡಿಯಲ್ಲಿ ಜಾಲರಿಯನ್ನು ನೋಡಿದ ಹಾಗೇ ನೋಡುತ್ತಿದ್ದಳು, ಹತ್ತಿರದಿಂದ, ಹುಬ್ಬು ಗಂಟಿಕ್ಕಿ, ಬಿಡದೆ. ಎಷ್ಟು ಹೊತ್ತೋ. ಕೊನೆಗೆ ಒಂದು ದೀರ್ಘ ಉಸಿರು ಬಿಟ್ಟು, "ಆಗ್ಲೇ ಅಷ್ಟಿತ್ತು" ಅಂದಳು, ತನ್ನಷ್ಟಕ್ಕೆ.

ಗೇಟಿನ ಚಿಲಕ ಸದ್ದಾಯಿತು. ಗಂಡ ಬಗಲಲ್ಲಿ ಬ್ರೆಡ್ಡಿನ ಪೊಟ್ಟಣ, ಕೈಯಲ್ಲಿ ಜೋಳದ ತೆನೆಗಳ ಚೀಲ ಹಿಡಿದು ಹಿತ್ತಲಿಗೆ ಬಂದ. ಗ್ರಿಲ್ಲು ನೋಡಿ, ಇಬ್ಬರ ಮಸಿ ಮುಖ ನೋಡಿ ನಗಲು ಹೊರಟವನು ರಟ್ಟನ್ನು ಕಂಡು ನಿಂತ. "ಏನಿದು?"

ರಟ್ಟನ್ನು ಮಗುಚಿ ಹಾಕಲು ಇನ್ನೂ ಸಮಯವಿತ್ತು. ಹುಡುಗಿ ಇವಳ ಕಡೆ ನೋಡಿದಳು, ಕೇಳುವಂತೆ. ಇವಳು ಹೂಂ ಎಂಬಂತೆ ತಲೆಯಾಡಿಸಿದಳು.

"ಅಮ್ಮನ ಎಕ್ಸ್‌ರೇ" ಅಂದಳು ಹುಡುಗಿ. "ಅವತ್ತು ತೆಗೆದಿದ್ದು ಇವರೇ, ಅಪ್ಪ. ಬರೆದು ತೋರಿಸಿದ್ರು."

ಅವನು ಹೆಂಡತಿಯ ಕಡೆ ತಿರುಗಿದ. ಆ ಮುಖದಲ್ಲಿ ಏನೇನೋ ಬಂದು ಹೋಯಿತು. ಎಲ್ಲ ಲೆಕ್ಕವನ್ನೂ ನಿಮಿಷಗಳಲ್ಲಿ ಹಾಕುವ ಮನುಷ್ಯ ವರ್ಷಗಳನ್ನು ಹಿಂದಕ್ಕೆ ಎಣಿಸುತ್ತಿದ್ದ. "ಮೊದಲೇ ಹೇಳ್ಬೇಕಿತ್ತು ನೀನು" ಅಂದ. "ಹೇಳ್ಬೇಕಿತ್ತು" ಅಂದಳು ಅವಳು. ಮಾತು ಇಷ್ಟಕ್ಕೆ ಮುಗಿದಿಲ್ಲವೆಂದು ಮೂವರಿಗೂ ಗೊತ್ತಿತ್ತು. ಅವನು ಚೀಲ ಕೆಳಗಿಟ್ಟು, ಪ್ಯಾಂಟಿನ ಮಂಡಿ ಎಳೆದುಕೊಂಡು ನೆಲಕ್ಕೆ ಕೂತ. "ಡಾಕ್ಟರು ಇದನ್ನ ದೀಪಕ್ಕೆ ಹಿಡಿದಾಗ ನಾನು ಕಿಟಕಿ ಕಡೆ ನೋಡ್ತಿದ್ದೆ. ನೋಡೋಕಾಗ್ಲಿಲ್ಲ. ಎಲ್ಲಿ, ಈಕಡೆ ತಿರುಗಿಸು." ಹುಡುಗಿ ರಟ್ಟನ್ನು ಅವನ ಕಡೆ ತಿರುಗಿಸಿ, ಕಪ್ಪು ಏನು, ಬಿಳಿ ಏನು, ಯಾವುದು ಬಲ, ಯಾವುದು ಎಡ ಎಂದು ಒಂದೊಂದೇ ಹೇಳಿಕೊಟ್ಟಳು. ಹದಿನೆಂಟು ದಿನದ್ದನ್ನೂ ಹೇಳಿದಳು, ದನಿ ತಗ್ಗಿಸದೆ. ಅವನು ಮಗಳ ತಲೆಯ ಮೇಲೆ ಕೈಯಿಟ್ಟ. ಕೈ ಅಲ್ಲೇ ಇತ್ತು. ಹಿಂದೆ ಗ್ರಿಲ್ಲಿನಲ್ಲಿ ಯಾರೂ ಊದದಿದ್ದರೂ ಒಂದು ಮೂಲೆಯ ಇದ್ದಲು ಚಿಟಚಿಟ ಅನ್ನತೊಡಗಿತ್ತು.

"ಅವಳು ಆ ಕೋಣೇಲಿ ಏನಾದ್ರೂ ಅಂದ್ಲಾ?" ಎಂದು ಅವನು ಕೇಳಿದ. "ಹೆದರಿದ್ಲಾ?"

ಇದನ್ನು ಯಾರಾದರೂ ಕೇಳಬಹುದೆಂದು ಅವಳು ಎಣಿಸಿರಲೇ ಇಲ್ಲ. ತನ್ನ ತಪ್ಪನ್ನು ಕಾಯುವ ಭರದಲ್ಲಿ ಆ ಮಧ್ಯಾಹ್ನದ ಉಳಿದ ಭಾಗದ ಕಡೆ ಅವಳು ತಿರುಗಿಯೇ ನೋಡಿರಲಿಲ್ಲ. ಈಗ ನೋಡಿದಳು. ಇತ್ತು, ಎಲ್ಲ ಅಲ್ಲೇ ಇತ್ತು.

"ಇಲ್ಲ, ನಕ್ಕರು" ಅಂದಳು. "ತಟ್ಟೆ ತಣ್ಣಗಿರುತ್ತಲ್ಲ, ಎದೆ ಒತ್ತಿದ ತಕ್ಷಣ ಅಯ್ಯೋ ಕಚಗುಳಿ ಅಂತ ನಕ್ಕರು. ಉಸಿರು ಹಿಡ್ಕೊಳ್ಳಿ ಅಂದೆ. ಹಿಡಿದ್ರು, ಮತ್ತೆ ನಗು ಬಂತು. ನಂಗೂ ಬಂತು. ನಗ್ಬೇಡಿ ಅಲ್ಲಾಡುತ್ತೆ ಅಂದ್ರೆ, ನೀವು ಮೊದಲು ನಿಲ್ಸಿ ಅಂದ್ರು. ಮೂರನೇ ಸಲಕ್ಕೆ ಸರಿಯಾಗಿ ಬಂತು."

ಗಂಡನ ಮೂಗಿನಿಂದ ನಗುವಿನಂಥ ಒಂದು ಸದ್ದು ಹೊರಟು ನಡುವೆಯೇ ಒಡೆಯಿತು. "ಹೌದು" ಅಂದ. "ಹೌದು, ಅವಳಿಗೆ ಕಚಗುಳಿ ಜಾಸ್ತಿ."

ಹುಡುಗಿ ಮಂಡಿಯ ಮೇಲೆಯೇ ಸರಿದು ಹತ್ತಿರ ಬಂದಳು. ಏಳು ವರ್ಷದಿಂದ ಅವಳಮ್ಮನ ಬಗ್ಗೆ ಹೊಸದೇನನ್ನೂ ಯಾರೂ ಹೇಳಿರಲಿಲ್ಲ. ಇದ್ದವರೆಲ್ಲ ಇದ್ದದ್ದನ್ನೇ ಹೇಳುತ್ತಿದ್ದರು. ಅವಳ ಕಣ್ಣುಗಳು ಅಗಲವಾಗಿದ್ದವು.

"ಮೊದಲಿಂದ ಹೇಳಿ" ಅಂದಳು. "ಅಮ್ಮ ಒಳಗೆ ಬಂದ್ರಲ್ಲ, ಅಲ್ಲಿಂದ."

ಅವಳು ಮಸಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. "ಬಾಗಿಲು ಜೋರಾಗಿ ತಳ್ಳಬೇಕಾಗುತ್ತೆ ನಮ್ಮ ಕೋಣೇದು" ಎಂದು ಶುರುಮಾಡಿದಳು. "ಅವರು ಭುಜದಿಂದ ತಳ್ಳಿದ್ರು. ಹಸಿರು ಬಣ್ಣದ ಒಂದು ಶಾಲು ಹೊದ್ದಿದ್ರು."